ಓದುಗರ ಪ್ರಶ್ನೆ: ಒಂದೂವರೆ ವರ್ಷದ ಮಗು ಇದೆ, ಚಿಕ್ಕಮಗಳೂರಿನ ಗಿರಿಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಬೆಂಗಳೂರಿನವರು. ಮಗನಿಗೆ ಒಂದೂವರೆ ವರ್ಷ, ಮಗಳಿಗೆ ನಾಲ್ಕು. ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಇದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಬೇಲೂರು, ಹಳೇಬೀಡು ಅಂತ ಪಟ್ಟಿ ಮಾಡಿದ್ದೇವೆ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ ಅಂತಾರೆ ನಮ್ಮ ಅತ್ತೆ. ಏನು ಮಾಡೋಣ?

ಉತ್ತರ: ಖಂಡಿತ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಮಗು ಮಲಗಿರುವಾಗ ಹತ್ತಿರ ಇರೋಕೆ ಒಬ್ಬರು ಸಿಗುತ್ತಾರೆ. ಆದರೆ ಪಟ್ಟಿಯಲ್ಲಿರುವ ಆರರಲ್ಲಿ ಮೂರನ್ನು ಈಗಲೇ ಹೊಡೆದುಹಾಕಿ. ಸುಮ್ನೆ ಹೇಳುತ್ತಿಲ್ಲ. ಒಂದೂವರೆ ವರ್ಷದ ಮಗುವಿಗೆ ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಹುಮ್ಮಸ್ಸು ಇರುತ್ತದೆ. ಆಮೇಲೆ ಊಟ, ನಿದ್ದೆ. ಆ ನಿದ್ದೆ ತಪ್ಪಿದರೆ ಸಂಜೆ ಯಾರಿಗೂ ನೆಮ್ಮದಿ ಇರುವುದಿಲ್ಲ. ಹಾಗಾಗಿ ದಿನಕ್ಕೆ ಒಂದೇ ಜಾಗ, ಅದೂ ಬೆಳಗ್ಗೆ. ಮೂರು ರಾತ್ರಿಯೂ ಒಂದೇ ಕಡೆ ಉಳಿಯಿರಿ. ದಿನಾ ಹಾಸಿಗೆ ಬದಲಾದರೆ ಮಗು ಮಲಗುವುದೇ ಇಲ್ಲ.

ಮೊದಲು ಬಿಡಬೇಕಾದದ್ದು ಹೆಬ್ಬೆ. ಅಲ್ಲಿಗೆ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಬೇಕು, ಆಮೇಲೆ ಕಲ್ಲು, ನೀರು ದಾಟಿ ನಡೆಯಬೇಕು. ತೊಡೆ ಮೇಲೆ ಕೂರಿಸಿಕೊಂಡ ಮಗುವಿಗೆ ಆ ಜೀಪು ಬೇಡವೇ ಬೇಡ. ಕೆಮ್ಮಣ್ಣುಗುಂಡಿ ಮತ್ತು ಬಾಬಾಬುಡನ್‌ಗಿರಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಇನ್ನು ಮುಳ್ಳಯ್ಯನಗಿರಿ. 1,930 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 1,090 ಮೀಟರ್‌ನಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ, ಅಂದರೆ ಮೇಲೆ ಪೇಟೆಗಿಂತ 5 ಡಿಗ್ರಿ ಕಡಿಮೆ. ಅದರ ಮೇಲೆ ಗಾಳಿ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಮೆಟ್ಟಿಲು ಹತ್ತುವ ಅಪ್ಪನಿಗೆ ಬೆವರು ಬರುತ್ತಿರುತ್ತದೆ, ಅವರು ಸ್ವೆಟರ್ ತೆಗೆಯುತ್ತಾರೆ. ಬೆನ್ನಿಗೋ ಎದೆಗೋ ಕಟ್ಟಿಕೊಂಡ ಮಗು ಮಾತ್ರ ಕೈಕಾಲು ಆಡಿಸದೆ ಕೂತಿರುತ್ತದೆ. ಅದಕ್ಕೆ ಚಳಿ ಹತ್ತಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಆಗಾಗ ನಿಂತು ಅದರ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೊಂದು ಬಟ್ಟೆ ಹಾಕಿ. ಕಿವಿ ಮುಚ್ಚುವ ಕುಲಾವಿ, ಕಾಲುಚೀಲ ಇರಲೇಬೇಕು. ಮೂಗು ಬಾಯಿ ಬಟ್ಟೆಯಲ್ಲಿ ಹುದುಗಿಕೊಳ್ಳದ ಹಾಗೆ ನೋಡಿಕೊಳ್ಳಿ.

ಮುಳ್ಳಯ್ಯನಗಿರಿಗೆ ನಡೆದು ಹತ್ತುವ ಸರ್ಪದಾರಿಯ ಚಾರಣ ಬೇಡ, ತುಂಬಾ ಕಡಿದು. ಗಾಡಿ ನಿಲ್ಲುವ ಜಾಗದಿಂದ ಮೇಲಿನ ದೇವಸ್ಥಾನಕ್ಕೆ ನೂರಾರು ಮೆಟ್ಟಿಲು ಇವೆ. ನಾಲ್ಕು ವರ್ಷದ ಮಗಳು ಹುರುಪಿನಿಂದ ಶುರು ಮಾಡಿ ಅರ್ಧದಲ್ಲಿ "ಎತ್ಕೋ" ಅಂದರೆ ಅವಳನ್ನೂ ಎತ್ತಿಕೊಳ್ಳಲು ಒಬ್ಬರು ಬೇಕು. ಆಗದಿದ್ದರೆ ದಾರಿಯಲ್ಲೇ ಸಿಗುವ ಸೀತಾಳಯ್ಯನಗಿರಿಯಲ್ಲೇ ನಿಂತುಬಿಡಿ. ಅಲ್ಲಿಂದಲೂ ಬೆಟ್ಟದ ಸಾಲು ಚೆನ್ನಾಗಿ ಕಾಣುತ್ತದೆ. ಗಿರಿಯ ಕಡೆ ಹೋಗುವ ವಾಹನಗಳಿಗೆ ಈಗ ಆನ್‌ಲೈನ್ ನೋಂದಣಿ ಇದೆ, ಹೊರಡುವ ಮುಂಚೆ ಮಾಡಿಸಿಕೊಳ್ಳಿ. ಬೆಳಗಿನ ಹೊತ್ತನ್ನೇ ಆರಿಸಿ.

ತಿರುವಿನ ರಸ್ತೆಯಲ್ಲಿ ವಾಂತಿಯ ಕಾಟ ಮಗನಿಗಿಂತ ಮಗಳಿಗೇ ಜಾಸ್ತಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ, 2ರಿಂದ 12 ವರ್ಷದವರಿಗೆ ಹೆಚ್ಚು. ಕಣ್ಣು ಮೊಬೈಲಿನಲ್ಲಿ ನಿಂತಿರುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ತಿರುವನ್ನು ಹೇಳುತ್ತಿರುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಮೊಬೈಲ್ ಕೊಡಬೇಡಿ, ಕಿಟಕಿಯಿಂದ ದೂರಕ್ಕೆ ನೋಡಲು ಹೇಳಿ. ಹೊರಡುವ ಮುಂಚೆ ಎರಡು ಇಡ್ಲಿ ಸಾಕು, ಹೊಟ್ಟೆ ತುಂಬಾ ಹಾಲು ಬೇಡ. ಔಷಧಿ ಕೊಡುವುದಾದರೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ.

ಬೇಲೂರು, ಹಳೇಬೀಡನ್ನು ಒಂದೇ ಬೆಳಗ್ಗೆ ಮುಗಿಸುವ ಆಸೆ ಬೇಡ. ನಾನಾದರೆ ಹಳೇಬೀಡು ಆರಿಸುತ್ತೇನೆ. ಅಲ್ಲಿ ಹುಲ್ಲಿನ ಬಯಲಿದೆ, ಮಗ ಬಿದ್ದೆದ್ದು ಓಡಬಹುದು. ದೇವಸ್ಥಾನದ ಗೋಡೆಯ ತೀರಾ ಕೆಳಗಿನ ಸಾಲಿನಲ್ಲಿ ಪೂರ್ತಿ ಆನೆಗಳು, ಅದರ ಮೇಲೆ ಸಿಂಹಗಳು, ಇನ್ನೂ ಮೇಲೆ ಕುದುರೆಗಳು. ನಾವು ತಲೆ ಎತ್ತಿ ದೇವರ ಶಿಲ್ಪ ಹುಡುಕುತ್ತೇವೆ, ಪುಟ್ಟ ಮಕ್ಕಳಿಗೆ ಆ ಆನೆಗಳೇ ಮೊದಲು ಕಾಣುತ್ತವೆ. ಮಗಳಿಗೆ ಆನೆ ಎಣಿಸುವ ಕೆಲಸ ಕೊಡಿ, ಗೋಡೆ ಮುಟ್ಟದೆ ಎಣಿಸಲಿ. ಬೇಲೂರು ಬೇಕೇ ಬೇಕು ಅಂದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಅಲ್ಲಿ ಅಂಗಳಕ್ಕೆಲ್ಲ ಕಲ್ಲು ಹಾಸಿದೆ, ಚಪ್ಪಲಿ ಹೊರಗೆ ಬಿಡಬೇಕು. ಬಿಸಿಲೇರಿದರೆ ಎಳೆ ಪಾದ ಸುಡುತ್ತದೆ.

ನಿಜವಾದ ರಜೆ ಇರುವುದು ತೋಟದ ಹೋಮ್‌ಸ್ಟೇಯ ಅಂಗಳದಲ್ಲಿ. ಡಿಸೆಂಬರ್ ಅಂದರೆ ಕಾಫಿ ಕೊಯ್ಲಿನ ಕಾಲ. ಗಿಡದಲ್ಲಿ ಕೆಂಪು ಹಣ್ಣು, ಕಣದಲ್ಲಿ ಹರಡಿದ ಕಾಫಿ, ಕೋಳಿ, ಕರು. ನಿಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಜಲಪಾತ ಬೇಕಿಲ್ಲ. ಆದರೆ ಎಳೆಯರು ಕಾಫಿಬೀಜ ಬಾಯಿಗೆ ಹಾಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿಕೊಂಡೀತು, ಕಣ್ಣಿಟ್ಟಿರಿ. ಮಳೆ ಇರುವುದಿಲ್ಲವಾದ್ದರಿಂದ ಇಂಬಳದ (ಜಿಗಣೆ) ಕಾಟ ಕಡಿಮೆ. ರಕ್ತ ಹೀರುವ ಉಣುಗಿನ (ಉಣ್ಣೆ) ಬಗ್ಗೆ ಮಾತ್ರ ಎಚ್ಚರ ಇರಲಿ. ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಅದರಿಂದಲೇ ಹರಡುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಬಂದಿದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಡಂಚಿನ ತರಗೆಲೆ ಮೇಲೆ ಮಕ್ಕಳನ್ನು ಕೂರಿಸಬೇಡಿ. ಸಂಜೆ ಸ್ನಾನ ಮಾಡಿಸುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳಿ.

ಜಾಗ ಬುಕ್ ಮಾಡುವಾಗ ರೂಮಿನ ಫೋಟೋ ನೋಡಿ ನಿರ್ಧರಿಸಬೇಡಿ, ಫೋನ್ ಮಾಡಿ ಮಾತಾಡಿ. ತೋಟದ ಕೆರೆಗೆ ಬೇಲಿ ಇದೆಯಾ? ಬಹಳ ಕಡೆ ಇರುವುದಿಲ್ಲ, ಕೆರೆ ಮನೆಗೆ ಹತ್ತಿರವಿದ್ದರೆ ಬೇರೆ ಜಾಗ ನೋಡಿ. ಆನೆ ಓಡಾಟ ಇದೆಯಾ? ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರಿನ ಕಡೆ ತೋಟಗಳಿಗೇ ಆನೆ ಬರುತ್ತವೆ. ಹಾಗಿದ್ದರೆ ಮುಂಜಾನೆ, ಮುಸ್ಸಂಜೆ ತೋಟದಲ್ಲಿ ವಾಕಿಂಗ್ ಬೇಡ. ಖಾರ ಹಾಕದ ಬೇಳೆಕಟ್ಟು, ಮೆತ್ತಗಿನ ಅನ್ನ ಮಾಡಿಕೊಡುತ್ತಾರಾ? ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಬಿಸಿನೀರು ಸಿಗುತ್ತದಾ? ಅಲ್ಲಿ ಫೋನಿಗೆ ಸಿಗ್ನಲ್ ಬರುತ್ತದಾ, ಬರದಿದ್ದರೆ 108ಕ್ಕೆ ಕರೆ ಮಾಡಲು ಎಲ್ಲಿಗೆ ಹೋಗಬೇಕು? ಈ ಐದಕ್ಕೂ ಸಮಾಧಾನವಾಗಿ ಉತ್ತರ ಕೊಡುವವರ ಮನೆಯಲ್ಲೇ ಉಳಿದುಕೊಳ್ಳಿ.