ಕಟ್ಟಿಕೊಂಡಾಗ ವಾಚ್, ಬಿಚ್ಚಿದಾಗ ಫೋನ್

‘ಸ್ಮಾರ್ಟ್‌ವಾಚೂ ಒಂದು ವಾಚೇನ್ರೀ?’ ಎಂದು ಮೂಗು ಮುರಿಯುವವರು ತುಮಕೂರಿನ ರಿಪೇರಿ ಅಂಗಡಿಗಳಲ್ಲಿ ದಿನಕ್ಕೊಬ್ಬರಾದರೂ ಸಿಗುತ್ತಾರೆ. ಅದು ಊರಿನ ಗುಣ. 1978ರಲ್ಲಿ ಇಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಬಂತು, 2016ರಲ್ಲಿ ಬಾಗಿಲು ಹಾಕಿತು. ಆ ಕಾರ್ಖಾನೆಯ ಅನ್ನ ಉಂಡ ಮನೆಗಳಲ್ಲಿ ಹಿರಿಯರ ಪ್ರಕಾರ ಕೀ ಕೊಡದ ವಾಚು ವಾಚೇ ಅಲ್ಲ. ಸೆಲ್ ವಾಚು ಬಂದಾಗಲೂ ಇದೇ ಮಾತು ಆಡಿದ್ದರು, ಆಮೇಲೆ ಅದನ್ನೇ ಅಳಿಯನಿಗೆ ಕೊಟ್ಟರು.

ಹೀಗೆ ವಾದ ಮಾಡುವವರಿಂದ ನಮ್ಮಂಥ ರಿಪೇರಿಯವರಿಗೇನೂ ತೊಂದರೆಯಿಲ್ಲ. ತೊಂದರೆ ಇರುವುದು ವಾದವನ್ನೇ ಮಾಡದೆ ಅದು ವಾಚೇ ಎಂದು ನಂಬಿ ಬರುವವರಿಂದ. ‘ಅಣ್ಣಾ, ಚಾರ್ಜ್ ನಿಲ್ತಿಲ್ಲ. ಒಂದು ಸೆಲ್ ಹಾಕಿಡಿ, ತರಕಾರಿ ತಗೊಂಡು ಬಂದ್ಬಿಡ್ತೀನಿ’ ಅನ್ನುತ್ತಾರೆ. ತರಕಾರಿ ಕೊಳ್ಳುವಷ್ಟರಲ್ಲಿ ಆಗುವ ಕೆಲಸ ಅದಲ್ಲ.

ಮೊದಲು ವಾದದ ವಿಷಯ ಮುಗಿಸಿಬಿಡೋಣ. ಕೀ ಕೊಡುವ ಎಚ್‌ಎಂಟಿ ಜನತಾದಲ್ಲಿ ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಸೆಲ್ ವಾಚಿನಲ್ಲಿ ಆ ಕೆಲಸವನ್ನು ಕವಲುಗೋಲಿನ ಆಕಾರದ ಸ್ಫಟಿಕ ಮಾಡುತ್ತದೆ, ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ, ಮುಳ್ಳು ಒಂದು ಹೆಜ್ಜೆ ಹಾಕುತ್ತದೆ. ಸ್ಮಾರ್ಟ್‌ವಾಚಿನಲ್ಲೂ ಸಾಮಾನ್ಯವಾಗಿ ಅದೇ 32,768ರ ಸ್ಫಟಿಕವೇ ಗಂಟೆ ಎಣಿಸುವುದು. ಬ್ಲೂಟೂತ್ ಆಫ್ ಮಾಡಿದರೂ ಟೈಮ್ ಓಡುತ್ತಲೇ ಇರುತ್ತದೆ. ಫೋನು ಮಾಡುವುದು ಆಗಾಗ ತಿದ್ದುವ ಕೆಲಸವನ್ನಷ್ಟೇ. ಸಮಯ ಎಣಿಸುವುದೇ ವಾಚಿನ ಲಕ್ಷಣವಾದರೆ ಅದೂ ವಾಚೇ. ಕಸ್ಟಮ್ಸ್‌ನವರು ಒಪ್ಪುವುದಿಲ್ಲ, ಆ ಮಾತು ಬೇರೆ. ಅವರ ಸರಕು ಪಟ್ಟಿಯಲ್ಲಿ ಗಡಿಯಾರಗಳೆಲ್ಲ 91ನೇ ಅಧ್ಯಾಯದಲ್ಲಿವೆ. ಸ್ಮಾರ್ಟ್‌ವಾಚು ಇರುವುದು ಫೋನುಗಳ ಜೊತೆ, 8517 ಎಂಬ ಸಂಖ್ಯೆಯಡಿ.

ಬಿಚ್ಚಿ ಕೂತವರಿಗೆ ಕಸ್ಟಮ್ಸ್‌ನವರ ಲೆಕ್ಕವೇ ಸರಿ ಅನ್ನಿಸುತ್ತದೆ. ಸೆಲ್ ವಾಚಿನಲ್ಲಿ ಹೆಚ್ಚಾಗಿ ಇರುವುದು 626 ನಂಬರಿನ ಸೆಲ್. ಅಗಲ 6.8 ಮಿಲಿಮೀಟರ್, ದಪ್ಪ 2.6, ವೋಲ್ಟೇಜ್ 1.55. ಹಿಂದಿನ ಮುಚ್ಚಳ ತೆಗೆದು, ಕ್ಲಿಪ್ ಸರಿಸಿ, ಪ್ಲಾಸ್ಟಿಕ್ ಚಿಮಟದಲ್ಲಿ ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಬೇಕು. ವಾಷರಿಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿದರೆ ಆಯಿತು, ಹತ್ತು ನಿಮಿಷ. ಆ ಸೆಲ್ಲಿಗೆ ಚಾರ್ಜ್ ಮಾಡುವ ರಗಳೆಯಿಲ್ಲ. ಮುಳ್ಳು ತಳ್ಳುವುದೊಂದೇ ಕೆಲಸವಾದ್ದರಿಂದ ಎರಡು ವರ್ಷ ಬರುತ್ತದೆ. ಅಗ್ಗದ ಆಲ್ಕಲೈನ್ ಹಾಕಿಸಿಕೊಂಡು, ಅದು ಸೋರಿ ಸರ್ಕ್ಯೂಟ್ ತಿಂದ ಮೇಲೆ ಬರುವವರ ಕಥೆ ಇನ್ನೊಂದು ದಿನಕ್ಕಿರಲಿ.

ಸ್ಮಾರ್ಟ್‌ವಾಚಿನಲ್ಲಿ ಸೆಲ್ ಇಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲುತ್ತಿಲ್ಲ. ಒಳಗಿರುವುದು ಫೋನಿನಲ್ಲಿರುವಂಥದೇ ಲಿಥಿಯಂ ಬ್ಯಾಟರಿ, ಚಪ್ಪಟೆ ಚೀಲದಂಥದು. 3.7 ವೋಲ್ಟ್, ತುಂಬಿದಾಗ 4.2. ಅದರ ಮೈಮೇಲೆ ಎಷ್ಟೋ ಸಲ ಆರಂಕಿಯ ಸಂಖ್ಯೆ ಅಚ್ಚಾಗಿರುತ್ತದೆ. ಉದಾಹರಣೆಗೆ 402020 ಎಂದಿದ್ದರೆ ದಪ್ಪ 4.0 ಮಿಲಿಮೀಟರ್, ಅಗಲ 20, ಉದ್ದ 20. ಅದೇ ಅಳತೆ ಸಿಗಲಿಲ್ಲವೆಂದು 4.5 ದಪ್ಪದ್ದನ್ನು ತುರುಕಿದರೆ ಸ್ಕ್ರೀನು ಕೂರುವುದಿಲ್ಲ, ಒತ್ತಿ ಕೂರಿಸಿದರೆ ಬ್ಯಾಟರಿಗೇ ಅಪಾಯ. ಹೆಸರಿಲ್ಲದ ಕಂಪನಿಗಳ ವಾಚುಗಳಿಗೆ ಸರಿಯಾದ ಅಳತೆ ಸಿಗುವುದೇ ಅಪರೂಪ.

ಬಿಚ್ಚುವುದೂ ಬೇರೆ ರೀತಿ. ಬಹಳಷ್ಟು ಮಾದರಿಗಳಲ್ಲಿ ಸ್ಕ್ರೂ ಇಲ್ಲ, ಸ್ಕ್ರೀನನ್ನು ಅಂಟಿನಿಂದ ಕೂರಿಸಿರುತ್ತಾರೆ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಕೆಲವು ನಿಮಿಷ ಬಿಸಿ ಕೊಟ್ಟು, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನಿಂದ ಎಳೆಯುತ್ತಾ, ತೆಳುವಾದ ಪ್ಲಾಸ್ಟಿಕ್ ಅಂಚು ತೂರಿಸಿ ಸುತ್ತಲೂ ಬಿಡಿಸಬೇಕು. ಬಿಸಿ ಕಡಿಮೆಯಾದರೆ ಗಾಜು ಒಡೆಯುತ್ತದೆ, ಹೆಚ್ಚಾದರೆ ಸ್ಕ್ರೀನಿನ ಮೇಲೆ ಕಲೆ. ಬಿಡಿಸಿದ ಖುಷಿಯಲ್ಲಿ ತಟ್ಟನೆ ಎತ್ತಿದಿರೋ, ಕೆಳಗಿನ ರಿಬ್ಬನ್ ಕೇಬಲ್ ಹರಿಯುತ್ತದೆ. ಕೆಲವದರಲ್ಲಿ ಬ್ಯಾಟರಿಗೆ ಕನೆಕ್ಟರ್ ಇದೆ, ಕೆಲವದರಲ್ಲಿ ತಂತಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಹೊಸದನ್ನು ಹಾಕಿದ ಮೇಲೆ ಹಳೆಯ ಅಂಟನ್ನು ಆಲ್ಕೋಹಾಲಿನಿಂದ ಒರೆಸಿ, ಹೊಸ ಅಂಟು ಹಚ್ಚಿ, ಬಿಗಿದು, ಒಂದು ಇಡೀ ದಿನ ಬಿಡಬೇಕು. ಅಷ್ಟಾದ ಮೇಲೂ ನೀರಿಗೆ ಹಾಕಬಹುದೆಂದು ಯಾವ ರಿಪೇರಿಯವನೂ ಮಾತು ಕೊಡಬಾರದು. ಪ್ರೆಷರ್ ಟೆಸ್ಟ್ ಮಾಡದೆ ಮಾತು ಕೊಡುವವನನ್ನು ನಂಬಬೇಡಿ. 1,500 ರೂಪಾಯಿಯ ವಾಚಿಗೆ ಇಷ್ಟೆಲ್ಲ ಮಾಡಿಸುವುದು ದಂಡ. ದುಬಾರಿಯದಾದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಆಮೇಲೆ ನಮ್ಮಲ್ಲಿಗೆ ಬನ್ನಿ.

ಈ ಬ್ಯಾಟರಿಗಳಲ್ಲಿ ಕಟ್ಟಿ ಸವೆದು ಸತ್ತವಕ್ಕಿಂತ ಬೀರುವಿನಲ್ಲಿ ಸತ್ತವನ್ನು ನೋಡಿದರೆ ಹೆಚ್ಚು ಬೇಸರ. ಮಗ ಬೆಂಗಳೂರಿನಿಂದ ತಂದುಕೊಟ್ಟಿರುತ್ತಾನೆ, ಅಪ್ಪ ನಾಲ್ಕು ದಿನ ಕಟ್ಟಿ, ‘ಹಾಳಾಗುತ್ತೆ, ಹಬ್ಬಕ್ಕೆ ಕಟ್ಕೋತೀನಿ’ ಎಂದು ಡಬ್ಬಿ ಸಮೇತ ಒಳಗಿಡುತ್ತಾರೆ. ಹಬ್ಬದ ಹೊತ್ತಿಗೆ ಅದು ಉಸಿರಾಡುವುದಿಲ್ಲ. ಕೀ ಕೊಡುವ ವಾಚು ಆರು ತಿಂಗಳು ಸುಮ್ಮನೆ ಬಿದ್ದಿದ್ದರೂ ಕೀ ಕೊಟ್ಟ ಕೂಡಲೇ ಓಡುತ್ತದೆ. ಲಿಥಿಯಂ ಹಾಗಲ್ಲ. ವಾಚು ತಾನಾಗಿ ಆಫ್ ಆದ ಮೇಲೂ ಸೋರಿಕೆ ನಡೆಯುತ್ತಲೇ ಇದ್ದು, ವೋಲ್ಟೇಜ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆಮೇಲೆ ರಕ್ಷಣಾ ಸರ್ಕ್ಯೂಟೇ ಚಾರ್ಜನ್ನು ಒಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಅದನ್ನು ತಪ್ಪಿಸಿ ನೇರ ಕರೆಂಟು ಕೊಟ್ಟು ಎಬ್ಬಿಸುತ್ತೇನೆನ್ನುವ ಜಾಣರಿದ್ದಾರೆ, ಬೆಂಕಿ ಹತ್ತುವುದು ಅಲ್ಲೇ. ಎತ್ತಿಡಲೇಬೇಕಿದ್ದರೆ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡಿ. ಎರಡು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧ ಚಾರ್ಜ್ ಮಾಡಿ. ದಿನಾ ಕಟ್ಟುವವರದು ಸಾಮಾನ್ಯವಾಗಿ 300ರಿಂದ 500 ಸಲ ತುಂಬಿ ಖಾಲಿಯಾಗುವ ಹೊತ್ತಿಗೆ ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಅದು ಸಹಜ, ಅದಕ್ಕೆ ರಿಪೇರಿ ಇಲ್ಲ.

ಸ್ಕ್ರೀನು ಒಂದು ಕಡೆ ಎದ್ದಂತೆ ಕಂಡರೆ ಅಂಟು ಬಿಟ್ಟಿದೆ ಎಂದು ಬೆರಳಿನಿಂದ ಒತ್ತಬೇಡಿ. ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜಿಗೆ ಹಾಕದೆ ಅಂಗಡಿಗೆ ತನ್ನಿ.

ನೀರಿನ ವಿಷಯದಲ್ಲಿ ಒಂದೇ ಮಾತು. 5 ಎಟಿಎಂ, ಐಪಿ68 ಎಂಬ ಪರೀಕ್ಷೆಗಳೆಲ್ಲ ಹೊಸ ವಾಚಿಗೆ, ಸೋಪಿಲ್ಲದ ನೀರಿನಲ್ಲಿ ನಡೆದವು. ಹಂಡೆಯ ಬಿಸಿನೀರು, ಬಚ್ಚಲಿನ ಹಬೆ, ಸೋಪಿನ ನೊರೆ ಇವು ಆ ಲೆಕ್ಕದಲ್ಲಿಲ್ಲ.

ಕೊನೆಗೆ, ಹಳೆಯ ವಾಚು ಮತ್ತು ಹೊಸ ವಾಚು ಎರಡೂ ಇರುವ ಮನೆಗಳಿಗೆ. ‘ಇದು ಬಂದ್ಮೇಲೆ ನನ್ನ ವಾಚೂ ಕೆಟ್ಟೋಯ್ತು’ ಎಂದು ಯಜಮಾನರು ಗೊಣಗಿದರೆ ನಗಬೇಡಿ, ಅವರು ಹೇಳುವುದು ನಿಜವಿರಬಹುದು. ಬಹುತೇಕ ಸ್ಮಾರ್ಟ್‌ವಾಚುಗಳ ಚಾರ್ಜರ್ ಅಂಟಿಕೊಳ್ಳುವುದು ಅಯಸ್ಕಾಂತದಿಂದ. ರಾತ್ರಿ ಅದರ ಮೇಲೋ ಪಕ್ಕಕ್ಕೋ ಎಚ್‌ಎಂಟಿ ಇಟ್ಟರೆ ಬ್ಯಾಲೆನ್ಸನ್ನು ಆಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ದಿನಕ್ಕೆ ಹಲವಾರು ನಿಮಿಷ ಮುಂದೆ ಓಡುತ್ತದೆ. ಮಕ್ಕಳ ಪುಟ್ಟ ದಿಕ್ಸೂಚಿಯನ್ನು ಓಡುತ್ತಿರುವ ವಾಚಿನ ಬಳಿ ಹಿಡಿಯಿರಿ. ಸೂಚಿ ಅದುರಿದರೆ ಕಾರಣ ಅದೇ. ಆಯಿಲ್ ಸರ್ವಿಸ್ ಮಾಡಬೇಕು, ಪಾರ್ಟು ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ಹಿಡಿಯಲು ಹೇಳಿ. ಮುಚ್ಚಳ ತೆಗೆಯದೆ, ಕೆಲವೇ ಸೆಕೆಂಡಿನಲ್ಲಿ ಮುಗಿಯುವ ಕೆಲಸ ಅದು. ಆಮೇಲೆ ಎರಡನ್ನೂ ಒಂದು ಗೇಣು ದೂರದಲ್ಲಿಡಿ.