ರಿಮಾಸ್ಟರ್ ಸಿಡಿ ಮತ್ತೆ ಕೊಳ್ಳಬೇಕೇ?

ಪ್ರಶ್ನೆ: “ಸರ್, ಬೀಟಲ್ಸ್, ಪಿಂಕ್ ಫ್ಲಾಯ್ಡ್‌ದು ಹಳೆ ಸಿಡಿ ಮನ್ಯಾಗ ಅದಾವ. ರಿಮಾಸ್ಟರ್ ಆಗಿದ್ದು ಮತ್ತ ತಗೋಬೇಕೇನ್ರಿ? ಕೇಳಿದ್ರ ಅದೇ ಛಲೋ ಅನಸ್ತದ.”

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತದೆ, ಮತ್ತೊಮ್ಮೆ ಬರೆಯುತ್ತೇನೆ. ರಿಮಾಸ್ಟರ್ ಅಂದರೆ ಹಳೆ ಆಲ್ಬಮ್ಮಿನ ಮೂಲ ದಾಖಲೆಯ ಸದ್ದನ್ನು ಮತ್ತೆ ಹದಮಾಡಿ ಹೊಸದಾಗಿ ಹೊರತಂದದ್ದು. ಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ಆಲ್ಬಮ್ ಕೇಳಿಯೇ ಹೇಳಬೇಕು. ಆದರೆ “ಕೇಳಿದ್ರ ಅದೇ ಛಲೋ” ಅಂದಿರಲ್ಲ, ತಪ್ಪೆಲ್ಲ ಅಲ್ಲೇ ಇದೆ. ರಿಮಾಸ್ಟರ್ ಮಾಡುವಾಗ ಬಹಳ ಸಲ ಒಟ್ಟು ಸದ್ದನ್ನೇ ಏರಿಸಿರುತ್ತಾರೆ.

ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರ, ತೀರ ಮೇಲಿನ ಸ್ವರ ಎರಡೂ ಕಡಿಮೆ ಕೇಳುತ್ತವೆ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದರು. ಸದ್ದು ಏರಿದರೆ ಬೇಸ್ ತುಂಬಿಕೊಳ್ಳುತ್ತದೆ, ತಾಳದ ಝಣಝಣ ಮುಂದೆ ಬರುತ್ತದೆ. ಒಂದೇ ಡೆಸಿಬೆಲ್ ಹೆಚ್ಚಾದರೂ ಕೇಳುಗ “ಜೋರಾಗಿದೆ” ಅನ್ನುವುದಿಲ್ಲ, “ಸ್ವಚ್ಛ ಕೇಳ್ತದ” ಅನ್ನುತ್ತಾನೆ.

ಶಹಾಬಾದಿನಿಂದ ಕಲಬುರಗಿಗೆ ಕಾಲೇಜಿಗೆ ಬರುವ ಹುಡುಗನೊಬ್ಬ ಇದೇ ವಾದ ಹೂಡಿದ್ದ. ಒಂದೇ ಹಾಡಿನ ಎರಡು ಆವೃತ್ತಿ ಕೇಳಿ, ರಿಮಾಸ್ಟರ್ ಅಂದರೆ ಪರದೆ ಸರಿಸಿದಂಗ ಅಂದ. ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಅಡಾಸಿಟಿ ತಂತ್ರಾಂಶ ತೆರೆದು ರಿಮಾಸ್ಟರನ್ನು 5 ಡೆಸಿಬೆಲ್ ಇಳಿಸಿ, ಎರಡನ್ನೂ ಸಮ ಮಾಡಿ ಕೇಳಿಸಿದೆ. ಹಳೆ ಸಿಡಿಯಲ್ಲಿ ಡ್ರಮ್ಮಿನ ಪೆಟ್ಟು ಠಪ್ಪೆಂದು ತೊಗಲಿಗೆ ಬಿದ್ದದ್ದು ಗೊತ್ತಾಗುತ್ತಿತ್ತು. ಹೊಸದರಲ್ಲಿ ಗಾದಿಗೆ ಬಡಿದಂತೆ ಧಪ್. ಮೂರು ಸಲ ಹಿಂದೆಮುಂದೆ ಹಾಕಿಸಿಕೊಂಡು, “ಹಳೇದು ಉಸಿರಾಡ್ತದ್ರಿ” ಅಂದ. ಆ ಮಾತು ಕೇಳಿ ನನಗೆ ಹೆಮ್ಮೆಯೆನಿಸಿತು.

ಹೀಗೇಕೆ? ಸಿಡಿಯಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಲಾಗದು. ಒಟ್ಟು ಸದ್ದು ಏರಿಸಬೇಕೆಂದರೆ ಎತ್ತರದ ಪೆಟ್ಟುಗಳನ್ನು ಲಿಮಿಟರ್‌ನಿಂದ (ಮಿತಿ ಮೀರುವ ಸದ್ದನ್ನು ತಡೆಯುವ ಸಾಧನ) ಕತ್ತರಿಸಿ, ಉಳಿದುದನ್ನು ಮೇಲೆತ್ತಬೇಕು. ತೊಗರಿಯ ಕುಡಿ ಚಿವುಟಿದ ಹೊಲದಂತೆ ಅಲೆಗಳ ತಲೆಯೆಲ್ಲ ಒಂದೇ ಮಟ್ಟ. ತೊಗರಿಯಾದರೆ ಚಿವುಟಿದ ಮೇಲೆ ಟೊಂಗೆ ಒಡೆಯುತ್ತದೆ, ಕಾಯಿ ಹೆಚ್ಚು ಹಿಡಿಯುತ್ತದೆ. ಡ್ರಮ್ಮಿನ ಪೆಟ್ಟು ಚಿವುಟಿದರೆ ಹೋದದ್ದು ಹೋಯಿತು. ಮೆಟಾಲಿಕಾ ಬ್ಯಾಂಡಿನ 2008ರ ‘ಡೆತ್ ಮ್ಯಾಗ್ನೆಟಿಕ್’ ಹೊಸ ಆಲ್ಬಮ್ಮೇ ಆದರೂ ಇದೇ ಗತಿ ಕಂಡಿತು. ಸಿಡಿಗಿಂತ ವಿಡಿಯೋ ಗೇಮಿನಲ್ಲಿದ್ದ ಅದೇ ಹಾಡುಗಳೇ ಚೆನ್ನಾಗಿವೆ ಎಂದು ಅಭಿಮಾನಿಗಳೇ ಹೇಳಿದರು.

ಎಲ್ಲ ರಿಮಾಸ್ಟರೂ ಹೀಗಲ್ಲ. ಬೀಟಲ್ಸ್‌ನ 1987ರ ಸಿಡಿಗಳಿಗಿಂತ 2009ರವು ನಿಜಕ್ಕೂ ಮೇಲು. ಆ್ಯಬಿ ರೋಡ್ ಸ್ಟುಡಿಯೋದವರು ನಾಲ್ಕು ವರ್ಷ ಕೂತು ಮಾಡಿದ ಕೆಲಸ ಅದು. ಅದರಲ್ಲಿ ಮೋನೋ, ಅಂದರೆ ಎಡಬಲ ಎರಡೂ ಕಡೆ ಒಂದೇ ಸದ್ದಿರುವ ಸಿಡಿಗಳ ಪೆಟ್ಟಿಗೆಗೆ ಲಿಮಿಟರ್ ಮುಟ್ಟಿಸಲೇ ಇಲ್ಲ. ಅವನ್ನು ಕಣ್ಣುಮುಚ್ಚಿ ಕೊಳ್ಳಿ. ಬೀಟಲ್ಸ್‌ನದೇ 2017ರ ‘ಸಾರ್ಜೆಂಟ್ ಪೆಪ್ಪರ್’ ಮಾತ್ರ ಬೇರೆ ಸಂಗತಿ. ಅದು ರೀಮಿಕ್ಸ್, ಬಿಡಿ ಟ್ರ್ಯಾಕುಗಳಿಂದ ಹೊಸದಾಗಿ ಕಟ್ಟಿದ್ದು. ಹಳೆಯದರ ಜಾಗಕ್ಕೆ ಅದನ್ನು ತರಬೇಡಿ.

ಇನ್ನು 24 ಬಿಟ್ ಫೈಲು, ಅಂದರೆ ಸದ್ದಿನ ಏರಿಳಿತವನ್ನು ಸಿಡಿಗಿಂತ ಸೂಕ್ಷ್ಮವಾಗಿ ಅಳೆದಿಟ್ಟ ಫೈಲು. ಸಿಡಿಯ 16 ಬಿಟ್‌ಗೇ ಅತಿ ಸಣ್ಣ ಸದ್ದಿನಿಂದ ಅತಿ ಜೋರಿನವರೆಗೆ 96 ಡೆಸಿಬೆಲ್ ಹರವು ಇದೆ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ತಿರುಗುವ ಕೋಣೆಯಲ್ಲಿ ಅಷ್ಟನ್ನು ಕೇಳಲು ಯಾರಿಂದಲೂ ಆಗದು. ಕೇಳುವುದಕ್ಕೆ ಅದು ಬೇಡ, ದಾಖಲಿಸುವುದಕ್ಕೆ ಬೇಕು.

ದಾಖಲಿಸುವುದೆಂದರೆ ನೆನಪಾಯಿತು. ಅಟ್ಟದ ಟ್ರಂಕಿನಲ್ಲಿ ಅಜ್ಜನ ಕಾಲದ ತತ್ವಪದ, ಭಜನೆಯ ಕ್ಯಾಸೆಟ್‌ಗಳಿದ್ದರೆ ಇವತ್ತೇ ಕೆಳಗಿಳಿಸಿ. 40 ಡಿಗ್ರಿ ದಾಟುವ ಬಿಸಿಲಿಗೆ ಟೇಪು ಉಳಿಯದು. ಬೀಟಲ್ಸ್‌ನ ಮಾಸ್ಟರ್ ಟೇಪ್ ಕಾಯಲು ಲಂಡನ್ನಿನಲ್ಲಿ ಜನರಿದ್ದಾರೆ, ನಿಮ್ಮೂರ ಭಜನಾ ಮಂಡಳಿಯ ದನಿ ಕಾಯಲು ನೀವೇ ಇರುವುದು. ಪ್ಲೇಯರಿನಲ್ಲಿ ಟೇಪು ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಕ್ಯಾಸೆಟ್ ಒಮ್ಮೆ ಪೂರ್ತಿ ಸುತ್ತಿಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸುತ್ತ ಮಾತಿನ ಸಕಾರ ಚೊಕ್ಕಟ ಕೇಳುವಲ್ಲಿಗೆ ನಿಲ್ಲಿಸಿ. 24 ಬಿಟ್ ವೇವ್ ಫೈಲಾಗಿ, ಅತಿ ಜೋರಿನ ಪೆಟ್ಟೂ ಮೇಲ್ಮಿತಿಗಿಂತ 6 ಡೆಸಿಬೆಲ್ ಕೆಳಗೇ ಇರುವಂತೆ ದಾಖಲಿಸಿ. ಮುಗಿದ ಮೇಲೆ ಸದ್ದು ಏರಿಸುವ ಬಟನ್ ಒತ್ತಬೇಡಿ.