ಟೆಂಪ್ಲೇಟ್ ಕರಗುತ್ತದೆ, ವಿಳಾಸ ಜರುಗುತ್ತದೆ

ಹಳೆಯ ಸಿ++ ಲೈಬ್ರರಿಯನ್ನು ಸಿ ಶಾರ್ಪ್‌ನಿಂದ ಬಳಸಬೇಕೆಂದರೆ ನಡುವೆ ಎರಡನ್ನೂ ಜೋಡಿಸುವ ಕೋಡ್, ಅಂದರೆ ಒಂದು ರ‍್ಯಾಪರ್ ಬೇಕು. ಕೈಯಲ್ಲಿ ಬರೆಯುವುದು ಬೇಸರದ ಕೆಲಸ. ಡೇವಿಡ್ ಬೀಜ್ಲಿ 1995ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಶುರುಮಾಡಿದ ಸ್ವಿಗ್ ಎಂಬ ಉಪಕರಣ, ಲೈಬ್ರರಿಯ ಕ್ಲಾಸ್, ಫಂಕ್ಷನ್‌ಗಳನ್ನು ಘೋಷಿಸುವ ಹೆಡರ್ ಫೈಲ್ ಓದಿ ಅದನ್ನು ತಾನೇ ಬರೆದುಕೊಡುತ್ತದೆ. ಸಾದಾ ಫಂಕ್ಷನ್‌ಗಳಿಗೆ ಅಷ್ಟು ಸಾಕು. ಟೆಂಪ್ಲೇಟ್ (ಟೈಪ್ ಖಾಲಿ ಬಿಟ್ಟು ಬರೆದ ಅಚ್ಚು) ಮತ್ತು ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಇನ್ನೊಂದು ಹುಟ್ಟುವುದು) ಬಂದರೆ ಮಾತ್ರ ಅದಕ್ಕೆ ನಾವು ಒಂದಷ್ಟು ಹೇಳಿಕೊಡಬೇಕಾಗುತ್ತದೆ.

ಬಫರ್<ಟಿ> ಎಂಬ ಟೆಂಪ್ಲೇಟ್ ಇದೆ ಅನ್ನಿ. ಇಂಟ್, ಡಬಲ್ ಎಂದು ನಿರ್ದಿಷ್ಟ ಟೈಪ್ ಕೊಟ್ಟಾಗ ಮಾತ್ರ ಕಂಪೈಲರ್ ಅದಕ್ಕೆ ಕೋಡ್ ಹುಟ್ಟಿಸುತ್ತದೆ. ಕಂಪೈಲ್ ಆದ ಲೈಬ್ರರಿ ಫೈಲ್, ಅಂದರೆ ಡಿಎಲ್‌ಎಲ್ ಒಳಗೆ ಹುಡುಕಿದರೆ ಬಫರ್<ಟಿ> ಸಿಗುವುದಿಲ್ಲ. ಟೆಂಪ್ಲೇಟಿನಂತೆಯೇ ಕಾಣುವ ಸಿ ಶಾರ್ಪ್‌ನ ಜೆನೆರಿಕ್ ಹಾಗಲ್ಲ, ಪ್ರೋಗ್ರಾಂ ಓಡುವಾಗಲೂ ಉಳಿದಿರುತ್ತದೆ. ಆದ್ದರಿಂದ ಬೇಕಾದ ಒಂದೊಂದು ಟೈಪನ್ನೂ ಸ್ವಿಗ್‌ಗೆ ಸೂಚನೆ ಕೊಡುವ ಇಂಟರ್‌ಫೇಸ್ ಫೈಲಿನಲ್ಲಿ ಹೆಸರಿಟ್ಟು ಕೇಳಬೇಕು: %ಟೆಂಪ್ಲೇಟ್(ಇಂಟ್‌ಬಫರ್) ಬಫರ್<ಇಂಟ್>.

ಈ ಸಾಲು ಎಲ್ಲಿರುತ್ತದೆ ಎಂಬುದು ಮುಖ್ಯ. ಬಫರ್<ಇಂಟ್>ನಿಂದ ಇನ್ನೊಂದು ಕ್ಲಾಸ್ ಹುಟ್ಟಿದ್ದರೆ, ಆ ಕ್ಲಾಸಿನ ಹೆಡರ್ ಸೇರಿಸುವ ಮೊದಲೇ ಇದು ಬರಬೇಕು. ಇಲ್ಲದಿದ್ದರೆ ಸ್ವಿಗ್ 401ನೇ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಬಿಲ್ಡ್ ಕೆಡುವುದಿಲ್ಲ, ಆದರೆ ಸಿ ಶಾರ್ಪ್ ಕಡೆಯ ಕ್ಲಾಸಿನಲ್ಲಿ ಬೇಸ್ ಕ್ಲಾಸಿನ, ಅಂದರೆ ಮೂಲ ಕ್ಲಾಸಿನ ಮೆಥಡ್‌ಗಳು ಇರುವುದಿಲ್ಲ. ಎಚ್ಚರಿಕೆಗಳನ್ನು ಓದದೆ ಬಿಡುವವರಿಗೆ ಇದು ತಕ್ಕ ಶಾಸ್ತಿ.

ಇನ್‌ಹೆರಿಟೆನ್ಸ್‌ನ ತೊಡಕು ವಿಳಾಸದ್ದು. ಕ್ಯಾಮೆರಾ ಎಂಬ ಕ್ಲಾಸ್ ಡಿವೈಸ್, ಲಾಗರ್ ಎಂಬ ಎರಡು ಬೇಸ್‌ಗಳಿಂದ ಬಂದಿದೆ. ಎರಡರಲ್ಲೂ ವರ್ಚುವಲ್ ಫಂಕ್ಷನ್‌ಗಳಿವೆ, ಅಂದರೆ ಹುಟ್ಟಿದ ಕ್ಲಾಸ್ ಬದಲಿಸಿಕೊಳ್ಳಬಹುದಾದ ಫಂಕ್ಷನ್‌ಗಳು. 64 ಬಿಟ್ ಯಂತ್ರದಲ್ಲಿ ಡಿವೈಸ್ ಭಾಗಕ್ಕೆ ವಿ-ಟೇಬಲ್ (ಆ ಫಂಕ್ಷನ್‌ಗಳ ವಿಳಾಸಪಟ್ಟಿ) ಪಾಯಿಂಟರ್ 8 ಬೈಟ್, ಅದರ ಒಂದು ಡಬಲ್ 8 ಬೈಟ್. ಹಾಗಾಗಿ ಲಾಗರ್ ಭಾಗ ಶುರುವಾಗುವುದು 16 ಬೈಟ್ ಆಚೆ. ಕ್ಯಾಮೆರಾದ ವಿಳಾಸವನ್ನು ಟೈಪ್ ಗೊತ್ತಿಲ್ಲದ ಬರಿಯ ವಾಯ್ಡ್ ಪಾಯಿಂಟರ್ ಮಾಡಿ ಸಿ ಶಾರ್ಪ್‌ಗೆ ಕಳಿಸಿ, ವಾಪಸ್ ಬಂದಾಗ ಅದನ್ನೇ ಲಾಗರ್ ಎಂದುಕೊಂಡರೆ ಆ 16 ಬೈಟ್ ಸೇರುವುದೇ ಇಲ್ಲ. ಲಾಗರ್‌ನ ಕರೆ ಡಿವೈಸ್‌ನ ವಿ-ಟೇಬಲ್ ಹಿಡಿದು ಯಾವುದೋ ಫಂಕ್ಷನ್‌ಗೆ ಹೋಗುತ್ತದೆ. ಪ್ರೋಗ್ರಾಂ ಅಲ್ಲೇ ಬಿದ್ದರೆ ಅದೃಷ್ಟ. ತಪ್ಪು ಉತ್ತರ ಕೊಟ್ಟುಕೊಂಡು ಓಡುತ್ತಲೇ ಇದ್ದರೆ ಹುಡುಕುವುದು ಕಷ್ಟ. ಇದಕ್ಕೆಂದೇ ಸ್ವಿಗ್, ಸಿ++ ಕಡೆಯಲ್ಲೇ ಪಾಯಿಂಟರನ್ನು ಸರಿಯಾಗಿ ಬದಲಿಸುವ ಅಪ್‌ಕಾಸ್ಟ್ (ಹುಟ್ಟಿದ ಕ್ಲಾಸಿನಿಂದ ಬೇಸ್ ಕಡೆಗೆ) ಫಂಕ್ಷನ್ ಬರೆಯುತ್ತದೆ. ಕೈಯಿಂದ ಬರೆಯುವವರೂ ಸ್ಟ್ಯಾಟಿಕ್ ಕಾಸ್ಟ್ (ಕಂಪೈಲರ್ ನಿರ್ಧರಿಸುವ ಟೈಪ್ ಬದಲಾವಣೆ) ಮಾಡುವ ಪುಟ್ಟ ಫಂಕ್ಷನ್ ಇಡಲೇಬೇಕು. ಸಿ ಶಾರ್ಪ್‌ನಲ್ಲಿ ಎರಡು ಬೇಸ್ ಕ್ಲಾಸ್‌ಗೆ ಜಾಗವಿಲ್ಲವಾದ್ದರಿಂದ ಸ್ವಿಗ್ ಎರಡನೆಯದನ್ನು 833ನೇ ಎಚ್ಚರಿಕೆಯೊಂದಿಗೆ ಕೈಬಿಡುತ್ತದೆ. ಅದು ಬೇಕೇ ಬೇಕೆಂದರೆ ಅದನ್ನು ಸಿ ಶಾರ್ಪ್ ಇಂಟರ್‌ಫೇಸ್ ಮಾಡಿಕೊಡುವ %ಇಂಟರ್‌ಫೇಸ್ ಮ್ಯಾಕ್ರೋ ಇದೆ.

ಬೇಸ್‌ನಿಂದ ಹುಟ್ಟಿದ ಕ್ಲಾಸಿನ ಕಡೆಗೆ, ಅಂದರೆ ಕೆಳಮುಖದ ಕಾಸ್ಟ್ ಬೇರೆ ಕಥೆ. ಸಿ++ ಫಂಕ್ಷನ್ ಡಿವೈಸ್ ಪಾಯಿಂಟರ್ ಕೊಟ್ಟರೆ, ಒಳಗಿರುವುದು ಕ್ಯಾಮೆರಾ ಆದರೂ ಸಿ ಶಾರ್ಪ್‌ಗೆ ಸಿಗುವುದು ಡಿವೈಸ್ ಪ್ರಾಕ್ಸಿಯೇ (ಸ್ವಿಗ್ ಹುಟ್ಟಿಸಿದ ಪ್ರತಿನಿಧಿ ಕ್ಲಾಸ್). ಸಿ ಶಾರ್ಪ್‌ನಲ್ಲೇ ಕಾಸ್ಟ್ ಮಾಡಹೋದರೆ ಎಕ್ಸೆಪ್ಷನ್ ಬರುತ್ತದೆ. ಓಡುವಾಗಲೇ ಟೈಪ್ ಪರೀಕ್ಷಿಸುವ ಡೈನಾಮಿಕ್ ಕಾಸ್ಟ್ ಮಾಡಿ ಕ್ಯಾಮೆರಾ ಪಾಯಿಂಟರನ್ನೇ ಹಿಂದಿರುಗಿಸುವ ಫಂಕ್ಷನ್ ಒಂದನ್ನು ಸಿ++ನಲ್ಲಿ ಸೇರಿಸಿ.

ಸಿ++ನ ವರ್ಚುವಲ್ ಫಂಕ್ಷನ್ನನ್ನು ಸಿ ಶಾರ್ಪ್‌ನಲ್ಲಿ ಓವರ್‌ರೈಡ್ ಮಾಡಲು ಸ್ವಿಗ್‌ನ ಡೈರೆಕ್ಟರ್ ಸೌಲಭ್ಯವನ್ನು ಆನ್ ಮಾಡಬೇಕು. ಆದರೆ ಹಾಗೆ ಓವರ್‌ರೈಡ್ ಮಾಡಿದ ಕ್ಲಾಸಿನ ಆಬ್ಜೆಕ್ಟನ್ನು ಸಿ++ ಹಿಡಿದುಕೊಂಡಿದೆ ಎಂಬುದು ಬಳಕೆಯಿಲ್ಲದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್‌ಗೆ ಕಾಣುವುದಿಲ್ಲ. ಸಿ ಶಾರ್ಪ್ ಕಡೆ ಯಾರೂ ಹಿಡಿದಿಲ್ಲವೆಂದರೆ ಕೊನೆಯ ಶುಚಿ ಕೆಲಸ ಮಾಡುವ ಫೈನಲೈಸರ್ ಓಡಿ ಸಿ++ ಆಬ್ಜೆಕ್ಟನ್ನೂ ಅಳಿಸುತ್ತದೆ, ಅದೂ ಬೇರೊಂದು ಥ್ರೆಡ್‌ನಲ್ಲಿ. ಸಿ++ ಅದನ್ನು ಬಿಟ್ಟುಕೊಡುವವರೆಗೆ ಸಿ ಶಾರ್ಪ್‌ನ ಒಂದು ಲಿಸ್ಟ್‌ನಲ್ಲಿ ರೆಫರೆನ್ಸ್ ಇಟ್ಟಿರಿ, ಆಮೇಲೆ ಆಬ್ಜೆಕ್ಟನ್ನು ಬಿಡುಗಡೆ ಮಾಡುವ ಡಿಸ್ಪೋಸ್ ಅನ್ನು ನೀವೇ ಕರೆಯಿರಿ.